ವಸ್ತಿ ಇಳಿದ ಹೊಲ

ರಾತ್ರಿ ಹಳ್ಳಿಗೆ ಬಂದು, ಅಲ್ಲೇ ತಂಗಿ, ನಸುಕಿನಲ್ಲಿ ಪ್ಯಾಟಿಗೆ ಮರಳುವ ಬಸ್ಸಿಗೆ ನಮ್ಮ ಕಡೆ ‘ವಸ್ತಿ ಗಾಡಿ’ ಅನ್ನುತ್ತಾರೆ. ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಯಾರದೋ ಮನೆಯಿಂದ ರೊಟ್ಟಿ ಪಲ್ಯ ಹೋಗುತ್ತದೆ. ಗುಡಿಯ ಕಟ್ಟೆಯ ಮೇಲೆ ಹಾಸಿಗೆ ಬೀಳುತ್ತದೆ. ಬೆಳಿಗ್ಗೆ ದವಾಖಾನೆಗೆ ಹೊರಟ ಮುದುಕಿ ಓಣಿಯ ತುದಿಯಲ್ಲಿ ಕಂಡರೆ ಬಸ್ಸು ಎರಡು ನಿಮಿಷ ನಿಲ್ಲುತ್ತದೆ. ಹಗಲಿನಲ್ಲಿ ಬಂದು ಹೋಗುವ ಬಸ್ಸುಗಳಿಗೂ ಊರಿಗೂ ನಡುವೆ ಈ ಸಲಿಗೆ ಇಲ್ಲ. ಒಂದು ರಾತ್ರಿ ಊರಿನ ನೀರು ಕುಡಿದದ್ದಕ್ಕೆ ಹುಟ್ಟಿದ ಹಂಗು ಅದು.

ಪ್ರವಾಸದ ಬರಹ ಓದುವಾಗಲೆಲ್ಲ ನನಗೆ ಈ ವಸ್ತಿ ಗಾಡಿ ನೆನಪಾಗುತ್ತದೆ. ಕಂಡದ್ದು, ತಿಂದದ್ದು, ದಾರಿ ತಪ್ಪಿದ್ದು ಎಲ್ಲ ಆ ಬರಹಗಳಲ್ಲಿರುತ್ತದೆ. ಮಲಗಿದ್ದು ಯಾರ ಜಾಗದಲ್ಲಿ, ಎದ್ದು ಹೋದ ಮೇಲೆ ಅಲ್ಲಿ ಉಳಿದದ್ದೇನು ಎಂಬ ಮಾತು ಮಾತ್ರ ಬರುವುದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳ ಬಗ್ಗೆ ಬರೆಯುವವರೂ ಹೀಗೇ. ಜಾತ್ರೆ ಬಂತೆಂದರೆ ಅದೇ ಫೋಟೊ: ಮಂಜಿನಲ್ಲಿ ಸಾಲುಹಿಡಿದ, ಕಮಾನು ಕಟ್ಟಿದ ಕೊಲ್ಲಾರಿ ಬಂಡಿಗಳು, ಮುಂದಿನ ಎತ್ತಿನ ಕೋಡಿಗೆ ಕೆಂಪು ಗೊಂಡೆ, ಕೆಳಗೆ ಸಂಸ್ಕೃತಿ ಉಳಿಸುವ ಬಗ್ಗೆ ಒಂದು ಸಾಲು. ಮೆಚ್ಚಬೇಕಾದ ಪದ್ಧತಿಯೇ ಇದು, ನನ್ನ ತಕರಾರು ಅದಕ್ಕಲ್ಲ. ಗೊಂಡೆಗೂ ಮಂಜಿಗೂ ಮೆಚ್ಚಿಕೊಂಡು ಸುಮ್ಮನಾಗುತ್ತೇವಲ್ಲ, ಅದಕ್ಕೆ.

ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಹಳ್ಳಿಗಳಲ್ಲಿ ಎಳ್ಳಮಾಸಿ ಕಳೆದು ಹದಿನೈದು ದಿನಕ್ಕೆ ಬರುವ ಬನದ ಹುಣ್ಣಿಮೆಗೆ, ಇಲ್ಲವೆ ಅದರ ಮುಂದಿನ ಭರತ ಹುಣ್ಣಿಮೆಗೆ ಚಕ್ಕಡಿ ಹೂಡುತ್ತಾರೆ. ಅಂಕಲಗಿಯ ಕಡೆಯಿಂದ ಹೊರಟು ನೇಸರಗಿ, ಯರಗಟ್ಟಿ ಹಾದು ಗುಡ್ಡ ಮುಟ್ಟಲು ಎರಡು ವಸ್ತಿ ಆದರೂ ಬೇಕು. ಎತ್ತಿನ ನಡಿಗೆ ತಾಸಿಗೆ ಮೂರೋ ನಾಲ್ಕೋ ಕಿಲೋಮೀಟರ್. ಅಡವಿಸಿದ್ಧೇಶ್ವರ ಮಠದ ಆ ಊರಿನ ಕಡೆಯ ನಾಲ್ಕು ಚಕ್ಕಡಿಗಳ ಜೊತೆ ಹಿಂದೊಮ್ಮೆ ನಾನೂ ಹೋದೆ, ಅರ್ಧ ದಾರಿ ಕೂತು, ಅರ್ಧ ದಾರಿ ನಡೆದು.

ಚಕ್ಕಡಿಯನ್ನು ಮನೆ ಮಾಡುವ ಕೆಲಸ ವಾರಗಟ್ಟಲೆಯದು. ಬಿದಿರಿನ ದಬ್ಬೆ ಬಗ್ಗಿಸಿ ಕಮಾನು ಕಟ್ಟುತ್ತಾರೆ. ಅದರ ಮೇಲೆ ಹಿಂದೆ ಚಾಪೆ, ಈಗ ತಾಡಪತ್ರಿ. ಅಚ್ಚಿಗೆ ಕೀಲೆಣ್ಣೆ, ಎತ್ತಿನ ಗೊರಸಿಗೆ ಲಾಳ. ಚಕ್ಕಡಿಯ ತಳಕ್ಕೆ ಜೋಳದ ಕಣಿಕಿಯ ಸಿವುಡು ಹಾಸಿ ಮೇಲೆ ಕೌದಿ ಹರಡುತ್ತಾರೆ. ಹೋಗುವಾಗ ಅದು ಮನುಷ್ಯರ ಮೆತ್ತೆ. ವಸ್ತಿಯಿಂದ ವಸ್ತಿಗೆ ಒಂದೊಂದೇ ಸಿವುಡು ಎತ್ತಿನ ಮುಂದೆ ಬೀಳುತ್ತದೆ, ಊರಿಗೆ ಮರಳುವ ಹೊತ್ತಿಗೆ ಬರೀ ಹಲಗೆ. ಬಂದವರ ಬೆನ್ನು ನೋಯುತ್ತದೆ, ನಿಜ. ಆದರೆ ಹಾಸಿಗೆಯನ್ನೇ ಇಂಧನ ಮಾಡಿಕೊಂಡು ಓಡುವ ವಾಹನವನ್ನು ಯಾವ ಮೋಟಾರು ಕಂಪನಿಯೂ ಇನ್ನೂ ಮಾರಾಟಕ್ಕೆ ತಂದಿಲ್ಲ.

ಗಂಡಸರ ಈ ಕೆಲಸ ಅಂಗಳದಲ್ಲಿ ನಡೆಯುವುದರಿಂದ ಊರೆಲ್ಲ ನೋಡುತ್ತದೆ. ಒಳಗೆ ಒಲೆ ಮುಂದೆ ನಡೆಯುವುದಕ್ಕೆ ನೋಡುವವರಿಲ್ಲ. ರೊಟ್ಟಿ ತಟ್ಟಿ, ಸುಟ್ಟು, ಕಟಕ ಮಾಡಿ ಬುಟ್ಟಿಯಲ್ಲಿ ಜೋಡಿಸಬೇಕು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಮಾದಲಿ ಬೇರೆ. ಗುಡ್ಡದಲ್ಲಿ ದೇವಿಯ ನೈವೇದ್ಯಕ್ಕೆ ಪಡ್ಡಲಗಿ ತುಂಬಲು ಹೋಳಿಗೆ, ಕಡಬಿನ ಸಾಮಾನು ಬೇರೆ. ನಾನಿದ್ದ ಚಕ್ಕಡಿಯ ಅಕ್ಕ ನಾಲ್ಕು ದಿನ ಒಲೆ ಬಿಟ್ಟು ಎದ್ದಿರಲಿಲ್ಲವಂತೆ. “ಇದರಾಗ ಕುಂತ ಮ್ಯಾಲೇ ನೋಡ್ರಿ ನನಗ ಜಾತ್ರಿ ಸುರು” ಎಂದು ಕೌದಿಯ ಮೇಲೆ ಕಾಲು ಚಾಚಿದರು. ಸಂಜೆ ನೊಗ ಕಳಚಿದ ಕೂಡಲೇ ಮೂರು ಕಲ್ಲು ಹುಡುಕಿ ಒಲೆ ಹೂಡಿದವರೂ ಅವರೇ.

ಅಂಕಲಗಿಯ ಸುತ್ತ ಮಸಾರಿ ಮಣ್ಣು, ಕಲ್ಲುಗುಡ್ಡ. ಮಳೆಗಾಲದ ಕೊನೆಗೆ ಗುಡ್ಡದ ಓರೆಯಲ್ಲಿ ಆವರಿಕೆ, ಬದುವಿನಲ್ಲಿ ತುಂಬೆ, ಬೇಲಿಯಲ್ಲಿ ಗೌರಿ ಹೂ. ಆಗ ಈ ದಾರಿಯಲ್ಲಿ ಓಡಾಡುವುದು ಗೋಕಾಕದ ಜಲಪಾತಕ್ಕೂ ಗೊಡಚಿನಮಲ್ಕಿಗೂ ಹೋಗುವ ಕಾರುಗಳು. ಘಟಪ್ರಭೆ 52 ಮೀಟರ್ ಧುಮುಕುವುದನ್ನು ನೋಡಲು ಬಂದವರ ಕಣ್ಣಿಗೆ ಉಗುರಗಲದ ತುಂಬೆ ಹೂ ಬೀಳಲೇಬೇಕೆಂದು ನಾನೇನೂ ಹಟ ಹಿಡಿಯುವುದಿಲ್ಲ. ಪುಷ್ಯದಲ್ಲಿ ಚಕ್ಕಡಿ ಹೂಡುವ ಹೊತ್ತಿಗೆ ಇವೆಲ್ಲ ಒಣಗಿರುತ್ತವೆ. ಗುಡ್ಡ ಹಿಂದೆ ಬಿದ್ದು ಎರಿ ಭೂಮಿ ತೆರೆದುಕೊಂಡ ಮೇಲೆ ಕಾಣುವುದು ಬೆಳೆಯ ಹೂ. ಬಿಳಿಜೋಳ ಹಾಲುಗಾಳಿನಲ್ಲಿರುತ್ತದೆ. ಕಡಲೆ ಕಾಯಿ ಕಟ್ಟಿರುತ್ತದೆ. ಎಲ್ಲೋ ಒಂದು ಪಟ್ಟಿ ಅಗಸಿ ಬೆಳಗಿನ ಹೊತ್ತು ನೀಲಿಯಾಗಿ ಕಂಡು, ಮಧ್ಯಾಹ್ನ ನೋಡಿದರೆ ಹಸಿರಷ್ಟೇ, ದಳ ಉದುರಿರುತ್ತದೆ. ಮತ್ತೆ ಕುಸುಬಿ. ಅರಳಿದಾಗ ಹಳದಿ, ಬಾಡುತ್ತ ಕೇಸರಿ, ಆಮೇಲೆ ಇಟ್ಟಿಗೆಯ ಕೆಂಪು. ಒಂದೇ ಗಿಡದಲ್ಲಿ ಮೂರೂ.

ಎರಡು ತಾಸು ನಡೆದ ಮೇಲೆ ಗಮನಕ್ಕೆ ಬಂತು: ಕುಸುಬಿ ಹೊಲದ ನಡುವೆ ಕಡಿಮೆ, ರಸ್ತೆಗೆ ಹೊಂದಿದ ಅಂಚಿಗೆ ಎರಡು ಮೂರು ಸಾಲು ತಪ್ಪದೆ ಇದೆ. ಬದುವಿನ ಮೇಲೆ ಕೂತಿದ್ದ ರೈತರೊಬ್ಬರನ್ನು ಕೇಳಿದೆ.

“ನಿಮ್ಮಂಥಾವ್ರ ಸಲುವಾಗೇ ಹಾಕೇವ್ರಿ” ಎಂದರು.

ಸ್ವಾಗತದ ಮಾತೆಂದು ನಾನು ನಗುವಷ್ಟರಲ್ಲಿ ಮಾತು ಮುಗಿಸಿದರು: “ದನಾ ಒಳಗ ಹೊಗಬಾರ್ದು, ಮಂದಿ ಸುಲಗಾಯಿ ಕೀಳಬಾರ್ದು.”

ಕುಸುಬಿಯ ಎಲೆ ಬಲಿತರೆ ಅಂಚೆಲ್ಲ ಮುಳ್ಳು. ದನ ಮೂತಿ ಇಡುವುದಿಲ್ಲ, ಧೋತರ ಉಟ್ಟವರು ನುಗ್ಗುವುದಿಲ್ಲ. ಗೂಟ ಬೇಡ, ತಂತಿ ಬೇಡ. ಬೇಸಿಗೆಗೆ ಅದೇ ಬೇಲಿ ಗಾಣಕ್ಕೆ ಹೋಗಿ ಎಣ್ಣೆಯಾಗುತ್ತದೆ. ದಾರಿಹೋಕ ನಿಂತು ಫೋಟೊ ತೆಗೆದುಕೊಳ್ಳುವ ಹೂವು ಅದೇ ದಾರಿಹೋಕನನ್ನು ಹೊರಗಿಡಲು ಬಿತ್ತಿದ್ದು. ಕಾರಿನಲ್ಲಿ ಹತ್ತು ಸಲ ಅದೇ ದಾರಿಯಲ್ಲಿ ಹೋದಾಗ ನನಗಿದು ಹೊಳೆದಿರಲಿಲ್ಲ. ಚಕ್ಕಡಿಯ ನಿಧಾನಕ್ಕೆ ನನ್ನಿಂದ ಸಲ್ಲಬೇಕಾದ ಹೊಗಳಿಕೆ ಇಷ್ಟು. ಉಳಿದಂತೆ ನಿಧಾನವೆಂಬುದು ಅನುಭವಿಸುವವನಿಗೆ ಬೇಸರದ್ದು; ಅದರ ಗುಣಗಾನ ಮಾಡುವವರು ಸಾಮಾನ್ಯವಾಗಿ ಅರ್ಧ ದಾರಿಗೆ ಇಳಿದು ಬಸ್ಸು ಹತ್ತಿರುತ್ತಾರೆ.

ರಸ್ತೆಯಂಚಿನ ಹೂವೆಂದರೆ ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನ ಗೋದಿ ಸೀಮೆಯೂ ನೆನಪಾಗುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಲ್ಲಿನವರು ಕಾರಿಗೆ ಕ್ಯಾರವಾನ್ ಕಟ್ಟಿಕೊಂಡು ಕಾಡುಹೂ ನೋಡಲು ವಾರಗಟ್ಟಲೆ ತಿರುಗುತ್ತಾರೆ. ಪಿಂಡಾರ್ ಎಂಬ ಪುಟ್ಟ ಊರಿನ ಹತ್ತಿರ ನೆಲದ ಮೇಲೆ ದುಂಡಗೆ ಹೂಹಾರ ಇಟ್ಟಂತೆ ಅರಳುವ ಗಿಡವೊಂದಿದೆ. ಅದು ಹೆಚ್ಚಾಗಿ ಸಿಗುವುದು ರಸ್ತೆ ಕೆಲಸಕ್ಕೆಂದು ಕೆದಕಿದ ಗರಸಿನ ಅಂಚಿನಲ್ಲಿ. ಆ ಸೀಮೆಯಲ್ಲಿ ಮೂಲದ ಕುರುಚಲು ಕಾಡಿನ ಬಹುಪಾಲನ್ನು ಗೋದಿಗಾಗಿ ಕಡಿದು ಹಾಕಿದ್ದರಿಂದ ಅನೇಕ ಕಡೆ ಹೂವಿಗೆ ಉಳಿದ ನೆಲವೆಂದರೆ ರಸ್ತೆಯ ಮಗ್ಗುಲು. ಅಲ್ಲೂ ಇಲ್ಲೂ ಹೂವು ಅಂಚಿಗೆ ಬಂದು ನಿಂತಿದೆ. ಅಲ್ಲಿ ಒಕ್ಕಲುತನ ಹೂವನ್ನು ಹೊರದಬ್ಬಿದ್ದಕ್ಕೆ, ಇಲ್ಲಿ ಒಕ್ಕಲುತನ ಹೂವನ್ನು ಕಾವಲಿಗೆ ನಿಲ್ಲಿಸಿದ್ದಕ್ಕೆ. ಕಾಲುವೆ ನೀರು ಬಂದ ಕಡೆ ನಮ್ಮಲ್ಲಿ ಆ ಕಾವಲು ಈಗ ಬೇಕಿಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಇದು. ಹಿಡಕಲ್ ನೀರು ಹರಿಯುವ ಕಡೆ ರಸ್ತೆಯ ಎರಡೂ ಮಗ್ಗುಲಿಗೆ ಕಬ್ಬಿನ ಗೋಡೆ. ಚಕ್ಕಡಿಯಲ್ಲಿ ಕೂತವನಿಗೆ ಆಕಾಶ ಬಿಟ್ಟರೆ ಇನ್ನೇನೂ ಕಾಣದು.

ಮೊದಲ ವಸ್ತಿ ಗೋವಿನಜೋಳ ಕಿತ್ತಿದ್ದ ಒಂದು ಹೊಲದಲ್ಲಿ ಬಿತ್ತು. ಹೊಲದ ಗೌಡರನ್ನು ಹಿರಿಯರೊಬ್ಬರು ಹೋಗಿ ಕೇಳಿ ಬಂದರು. ಕೇಳುವುದು ನೆಪ. ಅವರ ಅಪ್ಪನ ಕಾಲದಿಂದ ಈ ಚಕ್ಕಡಿಗಳು ಅಲ್ಲೇ ಇಳಿಯುತ್ತ ಬಂದಿವೆ. ಆದರೂ ಕೇಳಬೇಕು. ಬೋರಿನ ನೀರು ಸಿಕ್ಕಿತು. ನಾಲ್ಕು ಚಕ್ಕಡಿಯ ಮೂಕಿಗಳು ಒಳಗೆ ಮುಖ ಮಾಡಿದವು, ಎಂಟು ಎತ್ತುಗಳಿಗೆ ದಾವಣಿ ಬಿತ್ತು. ಗೂಟ ಎಲ್ಲಿ ಹುಗಿಯಬೇಕು ಎಂಬುದನ್ನು ಹೊಲದವರೇ ಬಂದು ತೋರಿಸಿದರು: ಮಣ್ಣು ಬಡವಾದ ಮೂಡಣ ಮೂಲೆಗೆ. ಬೆಳಗಾಗುವಷ್ಟರಲ್ಲಿ ಅಲ್ಲಿ ಬೀಳುವ ಸಗಣಿ, ಗಂಜಲ ಅವರಿಗೆ. ರಾತ್ರಿ ಹೊಲದ ಮನೆಯಿಂದ ಒಂದು ಗಡಿಗೆ ಮಜ್ಜಿಗೆ ಬಂತು. ನಮ್ಮ ಕಡೆಯಿಂದ ಮಾದಲಿ ಹೋಯಿತು. ಬೆಂಕಿ ಹಾಕಿ ಸೀತನಿ ಸುಡುತ್ತ ಮಾತಾಡಿದ್ದೆಲ್ಲ ಎತ್ತಿನ ಬೆಲೆ, ಸೊಸೈಟಿ ಸಾಲ. ದೇವಿಯ ಮಾತು ಬಂದದ್ದು ಮಲಗುವ ಮುಂಚೆ ಒಬ್ಬರು “ಉಧೋ” ಎಂದು ಆಕಳಿಸಿದಾಗ ಮಾತ್ರ.

ಈ ಪ್ರಯಾಣವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ನನಗೆ ಆ ಮೂಡಣ ಮೂಲೆಯಲ್ಲಿ ಸಿಕ್ಕಿತು: ತಂಗಿದವನು ಎದ್ದು ಹೋದ ಮೇಲೆ ನೆಲಕ್ಕೆ ಉಳಿದದ್ದೇನು. ಇದರಲ್ಲಿ ಚಕ್ಕಡಿಗಿಂತ ದೊಡ್ಡ ಪಂಡಿತರು ನಮ್ಮ ಸೀಮೆಯ ಕುರುಬರು. ಸುಗ್ಗಿಯ ನಂತರ ಕುದುರೆಯ ಮೇಲೆ ಕೌದಿ, ಗಡಿಗೆ, ಕೋಳಿ, ಆಗಷ್ಟೇ ಹುಟ್ಟಿದ ಮರಿ ಎಲ್ಲ ಹೇರಿಕೊಂಡು ಹಿಂಡಿನ ಹಿಂದೆ ನಡೆಯುತ್ತಾರೆ. ಅವರ ಕುರಿ ಹೊಲದಲ್ಲಿ ತರುಬಿದರೆ ಹೊಲದವನೇ ಅವರಿಗೆ ಜೋಳವೋ ರೊಕ್ಕವೋ ಕೊಡುತ್ತಾನೆ. ಪ್ರಯಾಣಿಕ ತಂಗಿದ್ದಕ್ಕೆ ಮನೆಯವನು ಬಾಡಿಗೆ ಕೊಡುವ ವ್ಯವಹಾರ ಜಗತ್ತಿನಲ್ಲಿ ಬೇರೆ ಕಡೆ ಇದೆಯೋ ಇಲ್ಲವೋ; ಇದ್ದರೂ ಅಲ್ಲೂ ಕುರಿಯೇ ಇರಬೇಕು.

ಇಷ್ಟು ಹೇಳಿದ ಮೇಲೆ ಚಕ್ಕಡಿಯ ಹುಳುಕುಗಳನ್ನು ಹೇಳದಿದ್ದರೆ ಆಗುವುದಿಲ್ಲ. ಡಾಂಬರು ರಸ್ತೆ ಎತ್ತಿನ ಕಾಲಿಗೆ ವೈರಿ. ಲಾಳ ಸವೆದ ಎತ್ತು ಇಳಿಜಾರಿನಲ್ಲಿ ಜಾರುವುದನ್ನು ನಾನು ಕಂಡೆ. ಹೊಡೆಯುವ ಹುಡುಗ ಬಾರುಕೋಲು ಬೀಸಿದ್ದನ್ನೂ ಕಂಡೆ. ಮುಂದಿನ ಚಕ್ಕಡಿ ದಾಟುವ ಹುಮ್ಮಸ್ಸಿಗೆ ಹುಡುಗರು ಎತ್ತು ಓಡಿಸುತ್ತಾರೆ, ಹಿರಿಯರು ಬೈದಂತೆ ಮಾಡಿ ನಗುತ್ತಾರೆ. ನಸುಕಿನ ಕತ್ತಲಲ್ಲಿ ಚಕ್ಕಡಿಯ ಹಿಂದೆ ಒಂದು ಕೆಂಪು ಸ್ಟಿಕ್ಕರ್ ಸಹ ಇರುವುದಿಲ್ಲ. ಲಾರಿಯವನು ಬ್ರೇಕ್ ಹಾಕಿದಾಗ ಎಲ್ಲರೂ ದೇವಿಯನ್ನು ನೆನೆಯುತ್ತಾರೆ. ಗುಡ್ಡದ ಮೇಲೆ ಎಣ್ಣೆಹೊಂಡದ ಸುತ್ತ, ಕೆಳಗೆ ಜೋಗುಳಬಾವಿಯ ಸುತ್ತ ಜನ ಬಿಟ್ಟು ಬರುವ ಬಟ್ಟೆ, ಪ್ಲಾಸ್ಟಿಕ್ಕು ನೋಡಿದರೆ ದಾರಿಯ ವಸ್ತಿಯಲ್ಲಿ ಇಷ್ಟು ಲೆಕ್ಕವಾಗಿ ನಡೆದುಕೊಂಡ ಮಂದಿ ಇವರೇನಾ ಅನ್ನಿಸುತ್ತದೆ. ಹೊಲಕ್ಕೆ ಒಡೆಯನಿದ್ದಾನೆ, ಬಂದು ಗೂಟದ ಜಾಗ ತೋರಿಸುತ್ತಾನೆ. ಗುಡ್ಡಕ್ಕೆ ಹಾಗೆ ತೋರಿಸುವವರು ಯಾರೂ ಇಲ್ಲ.

ಈ ದಾರಿಯ ಇನ್ನೊಂದು ನೆನಪನ್ನು ಕೊಲ್ಲಾರಿ ಬಂಡಿಯ ಫೋಟೊ ಎಂದೂ ತೋರಿಸುವುದಿಲ್ಲ. ಹೆಣ್ಣುಮಕ್ಕಳನ್ನು ದೇವಿಗೆ ಬಿಡಲು ಕರೆದೊಯ್ದದ್ದೂ ಇಂಥ ಚಕ್ಕಡಿಗಳಲ್ಲೇ. ದೇವದಾಸಿ ಸಮರ್ಪಣೆ ನಿಷೇಧಿಸಿ ರಾಜ್ಯ ಕಾನೂನು ಮಾಡಿದ್ದು 1982ರಲ್ಲಿ. ಹಾಗೆ ಮುತ್ತು ಕಟ್ಟಿಸಿಕೊಂಡು ಮರಳಿದ ಹುಡುಗಿಗೆ ಈ ಪ್ರಯಾಣ ಹೇಗಿತ್ತು ಎಂದು ಕೇಳದೆ ‘ನಮ್ಮ ಪರಂಪರೆ’ ಎಂದು ಬರೆಯುವುದು ನನಗಂತೂ ಆಗದು.

ಹೆಂಗಸರ ಮಾತು ಬಂದಾಗ ಬಸ್ಸಿನ ಮಾತೂ ಬರಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸುಗಳಲ್ಲಿ ನಿಲ್ಲಲು ಜಾಗವಿಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ. ನಾಲ್ಕು ದಿನ ರೊಟ್ಟಿ ಬಡಿಯುವುದಿಲ್ಲ, ಗಂಡಸರ ಪುರುಸೊತ್ತು ಕಾಯುವುದಿಲ್ಲ. ಚಕ್ಕಡಿ ಹೋಯಿತಲ್ಲ ಎಂದು ಹಲುಬುವವರಲ್ಲಿ ನಾನು ಭೇಟಿಯಾದವರೆಲ್ಲ ಗಂಡಸರೇ. ಅಕ್ಕನಂಥವರನ್ನು ಕೇಳಿದರೆ ಇಬ್ಬಗೆ: ಬಸ್ಸು ಚಲೋ, ಆದರೆ ಬಸ್ಸಿನಲ್ಲಿ ಕಾಲು ಚಾಚುವಂತಿಲ್ಲ.

ಚಕ್ಕಡಿಯ ಜಾಗಕ್ಕೆ ನಿಜವಾಗಿ ಬಂದಿರುವುದು ಟ್ರ್ಯಾಕ್ಟರು. ಟ್ರೇಲರಿಗೆ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಒಳಗೆ ಮೂವತ್ತು ಜನ, ಮುಂದೆ ಡಾಲ್ಬಿ. ಇದನ್ನು ಬರೀ ಗದ್ದಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎತ್ತು ಸಾಕಲಾರದ, ಹೊಲವಿಲ್ಲದ ಮನೆಗಳೂ ಇದರಲ್ಲಿ ಹೋಗುತ್ತವೆ. ಚಕ್ಕಡಿಯ ಕಾಲದಲ್ಲಿ ಎತ್ತಿದ್ದವರು ಕೂತು ಹೋಗುತ್ತಿದ್ದರು, ಇಲ್ಲದವರು ತಲೆಯ ಮೇಲೆ ಬುಟ್ಟಿ ಹೊತ್ತು ಹಿಂದೆ ನಡೆಯುತ್ತಿದ್ದರು ಎಂಬುದನ್ನು ಮರೆಯಬಾರದು. ಟ್ರ್ಯಾಕ್ಟರಿನ ಕೊರತೆ ಬೇರೆ. ಅದಕ್ಕೆ ಮೇವು ಬೇಡ, ಹಾಗಾಗಿ ಹೊಲ ಬೇಡ. ಅದು ಪೆಟ್ರೋಲ್ ಬಂಕಿನ ದೀಪದ ಕೆಳಗೆ ವಸ್ತಿ ಮಾಡುತ್ತದೆ. ಯಾರನ್ನೂ ಕೇಳುವುದಿಲ್ಲ, ಮಜ್ಜಿಗೆಯೂ ಬರುವುದಿಲ್ಲ.

ಇದೇ ದಿನಗಳಲ್ಲಿ ಇದೇ ರಸ್ತೆಗಳಲ್ಲಿ ಇನ್ನೊಂದು ಸಂಚಾರಿ ಸಂಸಾರ ಓಡಾಡುತ್ತದೆ. ಅದನ್ನು ಯಾರೂ ಯಾತ್ರೆ ಎನ್ನುವುದಿಲ್ಲ. ಕಬ್ಬಿನ ಗ್ಯಾಂಗಿನವರು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ದೀಪಾವಳಿಯ ಆಚೀಚೆ ಟ್ರಕ್ಕು ಟ್ರ್ಯಾಕ್ಟರುಗಳಲ್ಲಿ ಕೊಡಪಾನ, ಕೋಳಿ, ಕೂಸು ಸಮೇತ ಬಂದು ಕಾರ್ಖಾನೆಯ ಹಂಗಾಮು ಮುಗಿಯುವ ತನಕ ಇರುತ್ತಾರೆ. ಗಂಡ ಹೆಂಡತಿ ಜೋಡಿಗೆ ಒಂದು ‘ಕೊಯ್ತಾ’ ಎಂದು ಲೆಕ್ಕ. ಕೊಯ್ತಾ ಅಂದರೆ ಕುಡುಗೋಲು. ಇಬ್ಬರು ಮನುಷ್ಯರಿಗೆ ಸೇರಿ ಒಂದು ಕುಡುಗೋಲಿನ ಹೆಸರು. ಮುಂಗಡವಾಗಿ ಎತ್ತಿದ ‘ಉಚಲ್’ ತೀರುವವರೆಗೆ ಕಡಿಯಬೇಕು. ಅವರದೂ ಕಮಾನಿನ ಮನೆಯೇ: ಬಿದಿರು ಬಗ್ಗಿಸಿ ತಾಡಪತ್ರಿ ಹೊದಿಸಿದ್ದು, ಒಳಗೆ ನೆಟ್ಟಗೆ ನಿಲ್ಲಲಾಗದು. ನಾವು ನೇಸರಗಿಯ ಕಡೆ ಹೋಗುವಾಗ ಕಬ್ಬು ಹೇರಿದ ಡಬಲ್ ಟ್ರೇಲರಿಗೆ ದಾರಿ ಬಿಟ್ಟು ಮಗ್ಗುಲಿಗೆ ನಿಂತೆವು. ಮೇಲೆ ಕಬ್ಬಿನ ಮೇಲೆ ಒಬ್ಬ ಹೆಂಗಸು ಮಗುವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಳು. ನಮ್ಮ ಚಕ್ಕಡಿಯ ಮಕ್ಕಳು ಕೈ ಬೀಸಿದರು. ಅವಳು ಕೈ ಬಿಟ್ಟು ಬೀಸುವಂತಿರಲಿಲ್ಲ. ಆ ಕಬ್ಬಿನ ಹೊಲಗಳಲ್ಲಿ ಅವರ ಜೋಪಡಿಗೆ ಜಾಗ ಕೊಡುವಾಗ ಯಾರೂ ಮೂಡಣ ಮೂಲೆ ತೋ‌ರಿಸುವುದಿಲ್ಲ. ಕಾಲುವೆಯ ದಂಡೆಯೋ ರಸ್ತೆಯ ಗಟಾರದ ಮಗ್ಗುಲೋ, ಯಾರದೂ ಅಲ್ಲದ ನೆಲ.

ಹೀಗಾಗಿ ಈಗ ಕೇಳಿಬರುತ್ತಿರುವ ಕ್ಯಾರವಾನ್ ಪ್ರವಾಸದ ಮಾತಿಗೆ ನಾನು ಪೂರ್ತಿ ಕಿವಿ ಮುಚ್ಚಿಕೊಂಡಿಲ್ಲ, ಪೂರ್ತಿ ತೆರೆದೂ ಇಲ್ಲ. ಕೇರಳ 2021ರಲ್ಲೇ ಇದಕ್ಕೊಂದು ನೀತಿ ಮಾಡಿತು. ಹಾಸಿಗೆ, ಫ್ರಿಜ್, ಶೌಚಾಲಯ, ಎಸಿ ಎಲ್ಲ ಒಳಗಿರುವ ಬಸ್ಸು. ನಿಲ್ಲಲು ಪ್ರತ್ಯೇಕ ಪಾರ್ಕು. ಮುದುಕರಿಗೆ, ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಅಂಜುವ ಹೆಂಗಸರಿಗೆ ಇದು ಸಣ್ಣ ವರವೇನಲ್ಲ. ಆದರೆ ಎಲ್ಲವನ್ನೂ ಹೊತ್ತು ತಂದವನು ಹಳ್ಳಿಯಲ್ಲಿ ಏನನ್ನೂ ಕೇಳುವುದಿಲ್ಲ, ಒಂದು ಕೊಡ ನೀರನ್ನೂ. ಹಾಗೆ ಬಂದವನು ನಮ್ಮ ಎರಿ ಹೊಲದ ಅಂಚಿನಲ್ಲಿ ನಿಂತು ಕುಸುಬಿ ನೋಡಿದರೆ, ಅದು ಅವನಿಗೆ ಹೂವಾಗಿಯೇ ಉಳಿಯುತ್ತದೆ. ಮುಳ್ಳಿನ ಸುದ್ದಿ ಹೇಳಲು ಬದುವಿನಿಂದ ಯಾರೂ ಎದ್ದು ಬರುವುದಿಲ್ಲ. ಹೂವಿಗೆ ಬಂದ ಜನವನ್ನು ಏನು ಮಾಡಬೇಕೆಂದು ಸಾತಾರದ ಕಾಸ ಪಠಾರದವರು ಪಟ್ಟ ಪಾಡು ನಮ್ಮ ಪಕ್ಕದ್ದೇ. ದಿನಕ್ಕೆ 3000 ಜನ ಎಂದು ಮಿತಿ ಹಾಕಿದರು, ಬೇಲಿ ಹಾಕಿದರು. ದನ ಮೇಯುವುದು ನಿಂತದ್ದರಿಂದಲೇ ಹೂ ಕಡಿಮೆಯಾಯಿತು ಎಂದು ಅಲ್ಲಿಯ ಜನ ಗೊಣಗಿದರು, ಕೊನೆಗೆ ಬೇಲಿ ತೆಗೆಯಲಾಯಿತು. ಜನರನ್ನು ತಡೆಯುವುದು ಸುಲಭ, ದನ ಎಲ್ಲಿ ಕಟ್ಟಬೇಕು ಎಂದು ಬಲ್ಲವರು ಬೇಕು.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟರ ಶಾಸನಗಳಲ್ಲಿ ಹಾಗೇ ಇದೆ. ಮೂರನೆಯ ದಿನ ಗುಡ್ಡದ ಬುಡ ಮುಟ್ಟಿದಾಗ ನನ್ನ ಮೈಯಿಂದ ಬರುತ್ತಿದ್ದದ್ದು ಕೀಲೆಣ್ಣೆ, ಹೊಗೆ, ಭಂಡಾರದ ವಾಸನೆ. ದರ್ಶನ ಮುಗಿಸಿ, ಚಕ್ಕಡಿಯವರಿಗೆ ಕೆಲಸದ ನೆಪ ಹೇಳಿ, ನಾನೂ ಬಸ್ಸು ಹತ್ತಿದೆ. ಮುಂಚೆ ಹೇಳಿದೆನಲ್ಲ, ಅರ್ಧ ದಾರಿಗೆ ಇಳಿಯುವವರು ಎಂದು. ಯರಗಟ್ಟಿ ದಾಟಿದ ಮೇಲೆ ಕಿಟಕಿಗೆ ಮುಖ ಒತ್ತಿ ನಾವು ಇಳಿದಿದ್ದ ಹೊಲ ಹುಡುಕಿದೆ. ಗೋವಿನಜೋಳ ಕಿತ್ತ ಹೊಲಗಳು ಹತ್ತಾರು ಬಂದವು, ಬೋರಿನ ಮನೆಗಳೂ ಬಂದವು. ಎಲ್ಲದರ ಅಂಚಿಗೂ ಕುಸುಬಿಯ ಸಾಲು ಒಂದೇ ಸಮ ಓಡುತ್ತಿತ್ತು.